ಮೂರನೇ ಕುಣಿಯ ಎಡಗೈ ಗಂಟು

ಕಂತು: ಒಂಬತ್ತು

ಕೆಸರಿನಲ್ಲಿ ಕೈಯಾಡಿಸುತ್ತಿದ್ದ ಪೊಲೀಸ್ ಅಮೀನ ಅಣವೀರಪ್ಪನವರ ಬೆರಳಿಗೆ ಏನೋ ಚುಚ್ಚಿತು. ಮುಳ್ಳಿರಬೇಕೆಂದು ಎತ್ತಿ ನೋಡಿದರೆ ಗೇಣುದ್ದದ ಕಪ್ಪು ತಂತಿ.

“ಹದಿನೇಳು,” ಎಂದು ತಮಗೆ ತಾವೇ ಹೇಳಿಕೊಂಡರು.

ಇಪ್ಪತ್ತಡಿ ಆಳದ ಕುಣಿಯಲ್ಲಿ ಕೂತು ಮಾತಾಡಿದರೆ ಕೇಳುವವರು ಯಾರು? ಹೆಂಡತಿ ಶಿವಕಾಂತಮ್ಮ ತೀರಿಕೊಂಡ ಮೇಲೆ, ಈ ಮೂರು ವರ್ಷದಲ್ಲಿ, ಅವರಿಗೆ ಈ ಚಟ ಅಂಟಿಕೊಂಡಿತ್ತು. ಕಲಬುರಗಿಯ ಶಾಹಬಜಾರದ ಬಾಡಿಗೆ ಮನೆಯಲ್ಲಿ ಗೋಡೆಗೆ ಹೇಳುತ್ತಿದ್ದರು, ಇಲ್ಲಿ ಕೆಸರಿಗೆ ಹೇಳಿದರು. ಕೆಸರೂ ಗೋಡೆಯ ಹಾಗೆಯೇ, ಎದುರಾಡುವುದಿಲ್ಲ.

ಕಮಲಾಪುರದ ಹಳ್ಳಕ್ಕೆ ಸೇತುವೆ ಏಳುತ್ತಿತ್ತು. ಕಂಬಗಳಿಗೆಂದು ತೋಡಿದ ನಾಲ್ಕು ಕುಣಿಗಳಲ್ಲಿ ಇದು ಮೂರನೆಯದು. ಆರು ದಿನದ ಹಿಂದೆ, ಶುಕ್ರವಾರ ಮಧ್ಯಾಹ್ನ, ಇದೇ ಕುಣಿಯಲ್ಲಿ ಸರಳಿನ ಪಂಜರ ಮಡಚಿ ಬಿದ್ದು ಒಳಗಿದ್ದ ದೇವಿಂದ್ರಪ್ಪ ಸತ್ತಿದ್ದ. ಪಂಜರ ಕಟ್ಟಿದ ಅವನ ಮಾವ ಯಂಕಪ್ಪ, ಅಂದರೆ ಅಕ್ಕನ ಗಂಡ, ಕಲಬುರಗಿಯ ಹವಾಲಾತಿನಲ್ಲಿ ಕಂಬಿ ಹಿಂದೆ ಕೂತು ತಪ್ಪು ತನ್ನದೇ ಎಂದು ಒಪ್ಪಿಕೊಂಡಿದ್ದ.

ಈ ಪಂಜರದ ಮರ್ಮವನ್ನು ಇಲ್ಲಿ ಹೇಳಿಬಿಡಬೇಕು. ಮೂರಾಳೆತ್ತರದ ಸರಳುಗಳನ್ನು ಚೌಕಕ್ಕೆ ನಿಲ್ಲಿಸಿ, ಸುತ್ತ ಸರಳಿನ ಬಳೆ ತೊಡಿಸಿ, ಸೇರಿದಲ್ಲೆಲ್ಲ ತಂತಿಯಿಂದ ಬಿಗಿಯುತ್ತಾರೆ. ಕಾಂಕ್ರೀಟು ತುಂಬಿ ಗಟ್ಟಿಯಾದ ಮೇಲೆ ಆನೆಯ ಸಾಲು ನಡೆದರೂ ಅದು ಅಲುಗದು. ತುಂಬುವ ಮೊದಲು ಮಾತ್ರ ಅದರ ಬದುಕು ಕಷ್ಟದ್ದು. ಒಂದು ಕಡೆ ಒತ್ತಿದರೆ ಸಾಕು, ಕೀಲು ಸಡಿಲಾದ ಹೊರಸಿನ ಹಾಗೆ ಇಡೀ ಪಂಜರ ಓರೆಯಾಗುತ್ತದೆ.

ಅದಕ್ಕೇ ಒಳಗೆ ಮೂಲೆಯಿಂದ ಮೂಲೆಗೆ ಎರಡೆರಡು ಸರಳು ಅಡ್ಡ ಹಾಕಿ ಬಿಗಿಯುವುದು. ಕೆಲಸಗಾರರು ಅದನ್ನು ಕತ್ತರಿ ಎನ್ನುತ್ತಾರೆ. ಮೂರನೇ ಕುಣಿಗೆ ಒಂದರ ಮೇಲೊಂದು ನಾಲ್ಕು ಕತ್ತರಿ. ಕೆಳಗಿನಿಂದ ಕಾಂಕ್ರೀಟು ಏರಿದ ಹಾಗೆ ಒಂದೊಂದೇ ಬಿಚ್ಚಿ ತೆಗೆಯಬೇಕು. ಅದಕ್ಕೆ ಮೊದಲೇ ಬಿಚ್ಚಿದರೆ ಒಳಗೆ ಇಳಿದವನ ಗತಿ ದೇವರೇ ಬಲ್ಲ.

ಶುಕ್ರವಾರ ಪಂಜರ ಬಿದ್ದಾಗ ಒಳಗೆ ಒಂದೂ ಕತ್ತರಿ ಇರಲಿಲ್ಲ. ಎಂಟು ಸರಳುಗಳಲ್ಲಿ ಒಂದಾದರೂ ಕುಣಿಯ ಆಸುಪಾಸಿನಲ್ಲಿ ಸಿಗಲಿಲ್ಲ.

“ಕತ್ತರಿ ನಾ ಕಟ್ಟಿದ್ದಿಲ್ರೀ ಸಾಹೇಬ್ರ. ಮರ್ತೆ. ಹಂಗಂತ ಬರಕೊಳ್ರಿ,” ಎಂದಿದ್ದ ಯಂಕಪ್ಪ, ಇವತ್ತು ಮುಂಜಾನೆ.

“ಇಪ್ಪತ್ತ ವರ್ಷ ಇದ ಕೆಲಸ ಮಾಡಿದಾಂವ ಕತ್ತರಿ ಕಟ್ಟೋದು ಮರೀತಿ?”

“ಮರವು ಯಾರಿಗಿಲ್ರೀ.” ಆಮೇಲೆ ಕಂಬಿಯ ಹತ್ತಿರ ಮುಖ ತಂದು ಮೆಲ್ಲಗೆ ಕೇಳಿದ. “ಭೀಮಿ ಉಂಡಾಳೇನ್ರೀ?”

ಹವಾಲಾತಿನಲ್ಲಿ ಬಿದ್ದವರು ಕೇಳುವ ಪ್ರಶ್ನೆಗಳು ಅಣವೀರಪ್ಪನವರಿಗೆ ಬಾಯಿಪಾಠ. ಎಷ್ಟು ವರ್ಷ ಬೀಳುತ್ತದೆ, ಜಾಮೀನು ಆಗುತ್ತದೋ ಇಲ್ಲವೋ, ಬೀಡಿ ಸಿಗುತ್ತದೋ. ಇವನು ಹೆಂಡತಿಯ ಊಟ ವಿಚಾರಿಸಿದ. ಅಮೀನರನ್ನು ಉಂಡಿರೋ ಇಲ್ಲವೋ ಎಂದು ಕೇಳುವ ಜೀವ ಈಗ ಭೂಮಿಯ ಮೇಲೆ ಒಂದೇ ಉಳಿದಿತ್ತು, ಅದು ಅವರ ಜವಾನ ದೌಲಪ್ಪ.

ನಾಳೆ ಶುಕ್ರವಾರ, ಜುಮ್ಮಾ ನಮಾಜಿನ ದಿನವೆಂದು ಕಚೇರಿಗಳಿಗೆ ವಾರದ ರಜೆ. ನಾಡಿದ್ದು ಅದಾಲತ್ತಿನಲ್ಲಿ ಕೇಸು. ತಾನೇ ತಪ್ಪಿತಸ್ಥ ಎಂದವನನ್ನು ಬಿಟ್ಟು ಕಳಿಸುವ ಅದಾಲತ್ತು ಯಾವ ರಾಜ್ಯದಲ್ಲಿದೆ? ಅಷ್ಟರೊಳಗೆ ಪುರಾವೆ ಬೇಕು. ಪುರಾವೆ ಇದ್ದರೆ ಈ ಕುಣಿಯಲ್ಲಿ. ಈ ಕುಣಿಗೋ, ಇವತ್ತು ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಕಾಂಕ್ರೀಟು ಬೀಳುತ್ತದೆ. ಆಮೇಲೆ ಬ್ರಹ್ಮ ಬಂದರೂ ಇದರೊಳಗಿನ ಗುಂಡುಸೂಜಿ ತೆಗೆಯಲಾರ.

ಬಿದ್ದ ಪಂಜರವನ್ನು ಹಗ್ಗ ಹಾಕಿ ಎಳೆದು, ಹೊರಗಿನಿಂದ ತೊಲೆಗಳ ಆಸರೆ ಕೊಟ್ಟು ಮತ್ತೆ ನಿಲ್ಲಿಸಿದ್ದರು. ಮಳೆಗಾಲವೆಲ್ಲ ಬಯಲಲ್ಲಿ ಬಿದ್ದಿದ್ದ ಸರಳು ಬೆಲ್ಲದ ಬಣ್ಣಕ್ಕೆ ತುಕ್ಕು ಹಿಡಿದಿತ್ತು. ಆದರೆ ನಾಲ್ಕು ಮೂಲೆಯಲ್ಲೂ, ಮೊಣಕಾಲಿನ ಎತ್ತರಕ್ಕೊಮ್ಮೆ, ತಲೆಯ ಎತ್ತರಕ್ಕೊಮ್ಮೆ, ನಿಚ್ಚಣಿಕೆ ಹತ್ತಿದರೆ ಅದರ ಮೇಲೆ ಇನ್ನೆರಡು ಕಡೆ, ಬೆರಳಗಲದ ಪಟ್ಟಿ. ಅಲ್ಲಷ್ಟೇ ತುಕ್ಕು ಉಜ್ಜಿಹೋಗಿ ಕಬ್ಬಿಣ ಬೆಳ್ಳಗಾಗಿತ್ತು.

ಇನ್ನೊಂದು ಸರಳು ಅಲ್ಲಿ ಒತ್ತಿ ಕೂತಿದ್ದ ಗುರುತು ಅದು. ಕತ್ತರಿ ಕಟ್ಟಿದ್ದರು. ನಾಲ್ಕನ್ನೂ ಕಟ್ಟಿದ್ದರು. ಆಮೇಲೆ ಯಾರೋ ಬಿಚ್ಚಿದ್ದರು.

ಅಂದರೆ ಯಂಕಪ್ಪ ಹೇಳಿದ್ದು ಸುಳ್ಳು. ಕಳ್ಳ ತಪ್ಪಿಸಿಕೊಳ್ಳಲು ಸುಳ್ಳು ಹೇಳುವುದನ್ನು ಅಣವೀರಪ್ಪನವರು ಮೂವತ್ತು ವರ್ಷ ನೋಡಿದ್ದರು. ಸಿಕ್ಕಿಬೀಳಲೆಂದೇ ಸುಳ್ಳು ಹೇಳಿದವನನ್ನು ನೋಡಿದ್ದು ಇದೇ ಮೊದಲು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಅವರು ಹದಿನೇಳು ತಂತಿಗಳನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಒಂದೂ ತುಂಡಾಗಿರಲಿಲ್ಲ, ಒಂದನ್ನೂ ಕತ್ತರಿಸಿರಲಿಲ್ಲ. ಸಾವಕಾಶವಾಗಿ, ಹೆಣೆದ ಜಡೆ ಬಿಚ್ಚಿದಷ್ಟು ನಾಜೂಕಾಗಿ ತಿರುವು ಬಿಡಿಸಿ ಎಸೆದಿದ್ದರು.

“ಸಾಹೇಬ್ರ, ಸಾಕ ಮಾಡ್ರಿ. ಬಿಸಲು ಇಳೀತು, ನೀವಿನ್ನಾ ನೀರ ಸೈತ ಕುಡಿದಿಲ್ಲ,” ಮೇಲಿಂದ ದನಿ ಬಂತು.

ದೌಲಪ್ಪ ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ನಿಚ್ಚಣಿಕೆಯ ಕೊನೆಯ ಮೆಟ್ಟಿಲಲ್ಲಿ ಕೈಕೊಟ್ಟು ಎಳೆದುಕೊಂಡ. ಕೆಸರಾದ ಕೈಗೆ ನೀರು ಹಾಕಿದ. ರುಮಾಲಿನ ಮಡಿಕೆಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು ಎರಡು ತೆಗೆದು ಕೊಟ್ಟ.

ವಾರಕ್ಕೊಮ್ಮೆ ಟಪಾಲು ಹೊತ್ತು ಕಮಲಾಪುರದ ಚೌಕಿಗೆ ಬಂದುಹೋಗುವ ಅವನಿಗೆ ಇಲ್ಲಿ ಎಲ್ಲರೂ ಪರಿಚಯ. ಬಂದಾಗೆಲ್ಲ ಸಾಹೇಬರಿಗೆ ಹಣ್ಣು ಒಯ್ಯದೆ ಇರುತ್ತಿರಲಿಲ್ಲ. ದಿನಾ ಸಂಜೆ ಮನೆಗೆ ಬಂದು, ಒಲೆ ಹಚ್ಚಿಕೊಟ್ಟು, ಅಣವೀರಪ್ಪನವರು ಉಂಡು ಕೈ ತೊಳೆಯುವ ತನಕ ಕಟ್ಟೆಯ ಮೇಲೆ ಕೂತು ಊರ ಸುದ್ದಿ ಹೇಳುತ್ತಿದ್ದ. ಹೋದ ಶುಕ್ರವಾರ ಒಂದು ದಿನ ಬರಲಿಲ್ಲ, ಹೊಟ್ಟೆನೋವೆಂದ. ಆ ಸಂಜೆ ಅಮೀನರು ಅರ್ಧ ರೊಟ್ಟಿಗೇ ಎದ್ದಿದ್ದರು. ಇದನ್ನು ಅವನಿಗೆ ಹೇಳಿರಲಿಲ್ಲ. ಜವಾನನಿಗೆ ಹೇಳುವ ಮಾತೇ ಅದು?

“ಏನ ಸಿಕ್ತು ಸಾಹೇಬ್ರ?”

“ಹದಿನೇಳ ತಂತಿ.”

“ತಂತಿ ಬಿಡ್ರಿ, ಇಲ್ಲಿ ಕಾಲಿಗೊಂದ ಸಿಗ್ತದ,” ಎಂದು ದೌಲಪ್ಪ ನಕ್ಕ.

ಅಷ್ಟರಲ್ಲಿ ಮಿಸ್ತ್ರಿ ಇಮಾಮುದ್ದೀನ್ ಬಂದ. ಮದರಂಗಿ ಹಚ್ಚಿದ ಗಡ್ಡ, ಕೈಯಲ್ಲಿ ಎಂಜಿನಿಯರರ ಹುಕುಮು. ಅವನ ಬೆನ್ನ ಹಿಂದೆ ಹೆಂಗಸರು ಖಾಲಿ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು.

“ಟೈಮ್ ಆತು ಸಾಹೇಬ. ಕುಣಿಯೊಳಗ ಜಲ ಒಸರಾಕತ್ತದ. ಇವತ್ತ ತುಂಬಲಿಲ್ಲಂದ್ರ ನಾಳಿಗಿ ಗೋಡಿ ಕುಸೀತದ. ಮತ್ತೊಬ್ಬಾಂವ ಸಾಯ್ಬೇಕೇನು?”

“ತುಂಬೂವಂತಿ. ಒಂದ ಮಾತ ಹೇಳು. ಶುಕ್ರವಾರ ಈ ಪಂಜರದೊಳಗ ಕತ್ತರಿ ಇದ್ದಿಲ್ಲೇನು?”

“ಇದ್ದಿಲ್ಲ. ಯಂಕಪ್ಪನ ಒಪ್ಪಿಕೊಂಡಾನ, ನನ್ನ ಯಾಕ ಕೇಳ್ತೀರಿ?”

“ಗುರುವಾರ ಸಂಜಿಗಿ ಪಂಜರ ನೋಡಿ ಪಾಸ್ ಮಾಡಿದಾಂವ ನೀನ. ಅವತ್ತ ಇದ್ವೋ ಇಲ್ಲೋ?”

ಮಿಸ್ತ್ರಿ ಗಡ್ಡ ನೀವಿಕೊಂಡ. ಇದ್ದವು ಎಂದರೆ ಈಗ ಹೇಳಿದ್ದು ಸುಳ್ಳಾಗುತ್ತದೆ. ಇಲ್ಲ ಎಂದರೆ ಕತ್ತರಿಯಿಲ್ಲದ ಪಂಜರವನ್ನು ಪಾಸು ಮಾಡಿದ ತಪ್ಪು ತಲೆಗೆ ಬರುತ್ತದೆ. ಅತ್ತ ದರಿ, ಇತ್ತ ಪುಲಿ.

“ಮಿಸ್ತ್ರಿ, ನಾ ಕೆಳಗ ಗುರುತು ನೋಡೇ ಬಂದೀನಿ.”

“ಇದ್ವು,” ಎಂದ ಇಮಾಮುದ್ದೀನ್ ಕೊನೆಗೆ. “ಖುದಾ ಕಸಮ್, ನಾಲ್ಕೂ ಇದ್ವು. ಕೈ ಹಾಕಿ ಅಲ್ಲಾಡಿಸಿ ನೋಡೀನಿ.”

“ಮತ್ತ ಆರ ದಿನ ಬಾಯಿ ಯಾಕ ಮುಚಗೊಂಡಿ?”

“ಇದ್ವು ಅಂದ್ರ, ಬಿಚ್ಚಿದವ್ರ ಯಾರು ಅಂತ ಕೇಳ್ತೀರಿ. ಶುಕ್ರವಾರ ಕೆಲಸ ಬಂದ್. ಸಾಮಾನಿನ ಖೋಲಿ ಕೀಲಿ ನನ್ನ ಸೊಂಟದಾಗ. ಎಂಟ ಸರಳು ಮಾಯ ಆಗ್ಯಾವ. ನನ್ನ ಬಿಟ್ಟ ಯಾರನ್ನ ಹಿಡೀತೀರಿ? ನಾಕ ಮಕ್ಕಳಿದ್ದಾಂವ ಸಾಹೇಬ ನಾನು. ಯಂಕಪ್ಪ ತಾನಾಗೇ ಕೊರಳ ಕೊಟ್ಟ. ನಾ ಸುಮ್ಮನಾದೆ.” ಅವನ ದನಿ ಕುಗ್ಗಿತು. “ನಿದ್ದಿ ಬರವಲ್ದು ಸಾಹೇಬ, ಅವತ್ತಿಂದ.”

ಅಣವೀರಪ್ಪನವರು ಪಂಜರದ ಮೇಲ್ತುದಿಯ ಒಂದು ಗಂಟು ತೋರಿಸಿದರು. “ಇದನ್ನ ಬಿಚ್ಚು.”

ಮಿಸ್ತ್ರಿ ಇಕ್ಕಳ ತೆಗೆದುಕೊಂಡು ಬಾಗಿದ. ಒಂದು ಸುತ್ತು, ಎರಡು ಸುತ್ತು. ಗಂಟು ಸಡಿಲಾಗುವ ಬದಲು ಬಿಗಿಯಿತು. ಮೂರನೇ ಸುತ್ತಿಗೆ ತಂತಿ ಟಕ್ಕನೆ ತುಂಡಾಯಿತು.

“ತಥ್! ಮರ್ತೇ ಹೋಗ್ತದ ನೋಡ್ರಿ. ಯಂಕಪ್ಪ ಎಡಚ. ಎಲ್ಲಾರು ಬಲಕ್ಕ ತಿರುವಿದ್ರ ಅಂವ ಎಡಕ್ಕ ತಿರುವತಾನ. ಗೊತ್ತಿದ್ರೂ ನನ್ನ ಮಣಿಕಟ್ಟು ಕೇಳಂಗಿಲ್ಲ.”

ಅಮೀನರು ಕರವಸ್ತ್ರ ಬಿಚ್ಚಿ ಹದಿನೇಳು ತಂತಿಗಳನ್ನು ಅವನೆದುರು ಹಿಡಿದರು. “ಇದರಾಗ ಮುರಿದದ್ದು ಒಂದ ತೋರಿಸು.”

ಇಮಾಮುದ್ದೀನ್ ಒಂದೊಂದನ್ನೇ ಬೆರಳಲ್ಲಿ ಹೊರಳಿಸಿ ನೋಡಿದ. ಅವನ ಹುಬ್ಬು ಮೇಲೇರಿತು. “ಒಂದೂ ಇಲ್ಲ. ಯಾ ಅಲ್ಲಾ, ಇದು ಎಡಗೈ ರೂಢಿ ಇದ್ದಾವರ ಕೆಲಸ.”

“ಯಾರ್ಯಾರಿಗೆ ಅದ ಆ ರೂಢಿ?”

“ಯಂಕಪ್ಪಗ. ಅಂವ ಗುರುವಾರ ಮಧ್ಯಾನ್ನಾನ ತಂತಿ ತರಾಕ ಕಲಬುರಗಿ ಗೂಡ್ಸ್ ಸ್ಟೇಷನ್ನಿಗೆ ಹೋದ. ಅವನ ಕಡೆ ಕಲ್ತಾಂವ ದೇವಿಂದ್ರ. ಅಂವ...” ಮಿಸ್ತ್ರಿ ಕುಣಿಯ ಕಡೆ ನೋಡಿದ.

ದೇವಿಂದ್ರಪ್ಪ ತಾನೇ ಕತ್ತರಿ ಬಿಚ್ಚಿ, ತಾನೇ ಒಳಗೆ ಇಳಿಯುವಷ್ಟು ದಡ್ಡನಲ್ಲ. ಹಾಗಾದರೆ ಮೂರನೆಯದೊಂದು ಎಡಗೈ ಇರಬೇಕು.

“ಮತ್ತ ಈ ಗಂಟಿನ ತುದಿ ಎಲ್ಲಾ ಒಳಗ ಮಡಚ್ಯಾವಲ್ಲ? ಎರಡನೇ ಕುಣಿಯ ಪಂಜರ ನೋಡಿದೆ, ಅದೂ ಹಿಂಗ ಅದ.”

“ಅದು ಯಂಕಪ್ಪನ ಹುಚ್ಚು. ಬೀದರ ಕಡೆ ಕೆರಿಕಟ್ಟಿ ಕೆಲಸದಾಗ ಇದ್ದಾಗ, ಆ ಕೆಲಸ ಮುಗಿಯೋ ಮುಂದ, ಚಾಚಿದ್ದ ತಂತಿ ತುದಿ ಹೆಂಡ್ತಿ ಹುಬ್ಬು ಹರೀತಂತ. ಕಣ್ಣ ಸ್ವಲ್ಪದಾಗ ಉಳೀತು. ಅವತ್ತಿಂದ ಒಂದ ತುದಿ ನೆಟ್ಟಗ ಬಿಡಂಗಿಲ್ಲ. ಅರ್ಧ ದಿನ ಇದರಾಗ ಹಾಳ ಮಾಡ್ತಾನ ಅಂತ ನಾ ಎಷ್ಟ ಬೈದೀನಿ.”

“ಆ ಕೆರಿಕಟ್ಟಿಗೆ ನಾನೂ ಎರಡ ತಿಂಗಳ ಪಹರೆ ಇದ್ದೆ,” ಎಂದು ದೌಲಪ್ಪ ಬಾಯಿ ಹಾಕಿದ. “ಕಲ್ಲ ಒಡಿಯೋ ಮಿಷಿನ್ ಸದ್ದಿಗೆ ಕಿವಿನ ಹೋಗಿದ್ವ್ರೀ. ಈ ತುದಿ ಮಡಚೂ ಸುದ್ದಿ ಮಾತ್ರ ನಂಗ ಗೊತ್ತಿದ್ದಿಲ್ಲ ನೋಡ್ರಿ.”

ಅಣವೀರಪ್ಪನವರು ಕರವಸ್ತ್ರವನ್ನು ಗಂಟು ಕಟ್ಟಿ ಅವನ ಕೈಗೆ ಕೊಟ್ಟರು. “ಇದನ್ನ ಜ್ವಾಕಿ ಇಡು. ಒಬ್ಬಾಂವನ ಜೀವ ಇದರಾಗ ಅದ.”

“ನನ್ನ ಜೀವದಂಗ ಇಡ್ತೇನ್ರೀ ಸಾಹೇಬ್ರ.”

ಕೂಡಲೇ ಪಂಚನಾಮೆ ಬರೆಯಬೇಕಿತ್ತು. ತಂತಿಗಳ ಲೆಕ್ಕ, ಬೆಳ್ಳಗಿನ ಗುರುತು, ಮಿಸ್ತ್ರಿಯ ಸಹಿ. ಆದರೆ ಮುಂಜಾನೆಯಿಂದ ಹೊಟ್ಟೆಗಿಲ್ಲದೆ ಕಣ್ಣು ಕತ್ತಲೆ ಬರುತ್ತಿತ್ತು, ಕುಣಿಯ ತಳದಲ್ಲಿ ನೀರು ಏರುತ್ತಿತ್ತು. ನೆರಳಲ್ಲಿ ಕೂತು ಬರೆದರಾಯಿತು, ಮಾಲಂತೂ ದೌಲಪ್ಪನ ಹತ್ತಿರವೇ ಇದೆ ಎಂದುಕೊಂಡರು.

“ತುಂಬು,” ಎಂದರು ಮಿಸ್ತ್ರಿಗೆ.

ಮೂವತ್ತು ವರ್ಷದ ನೌಕರಿಯಲ್ಲಿ ಅಣವೀರಪ್ಪನವರು ಆಡಿದ ತಪ್ಪು ಮಾತುಗಳನ್ನು ಎಣಿಸಿದರೆ ಒಂದು ಕೈ ಬೆರಳು ಸಾಕು. ಇದು ಆ ಎಣಿಕೆಗೆ ಸೇರುವ ಮಾತೆಂದು ಅವರಿಗೆ ತಿಳಿಯಲು ಇನ್ನೂ ಅರ್ಧ ತಾಸು ಬೇಕಿತ್ತು.

ಹಳ್ಳದ ದಂಡೆಯ ಬೇವಿನ ಕೆಳಗೆ ಒಬ್ಬ ಹೆಂಗಸು ಕಾಯುತ್ತಿದ್ದಳು. ಅಮೀನರನ್ನು ಕಂಡು ಸೆರಗು ಎಳೆದುಕೊಂಡು ಎದ್ದು ನಿಂತಳು. ಅವಳ ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಗೆರೆ.

“ಭೀಮಬಾಯಿ ಅಲ್ಲ?”

“ಹೌದ್ರೀ ಸಾಹೇಬ್ರ. ನೀವು ಕಲಬುರಗಿಗೆ ಹೋಗ್ತೀರಂತ. ನಮ್ಮವರಿಗೆ ಎರಡ ರೊಟ್ಟಿ...” ಅವಳು ಒಂದು ಬುಟ್ಟಿಯನ್ನು ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳ ಕುಲದವರು ಮೇಲಿನ ಕುಲದವರ ಮುಂದೆ ಹಾಗೆ ನಿಲ್ಲುವುದು ಊರಿನ ರಿವಾಜು.

“ಒಯ್ಯತೇನಿ. ಅಂವ ಮುಂಜಾನಿ ನಿನ್ನ ಕೇಳಿದ, ಉಂಡಾಳೇನು ಅಂತ.”

ಅವಳು ಅವರ ಮುಖ ನೋಡಿ ಬೇರೆ ಮಾತು ಆಡಿದಳು. “ನೀವ ಉಂಡಂಗ ಕಾಣಂಗಿಲ್ರೀ ಯಪ್ಪಾ. ಬುಟ್ಟಿಯಾಗ ಜಾಸ್ತಿ ಅದಾವ. ಆದ್ರ ನಮ್ಮ ಕೈಯಾಗಿಂದು ನೀವು...”

ಅಣವೀರಪ್ಪನವರು ಕೊರಳಲ್ಲಿದ್ದ ಕರಡಿಗೆಯನ್ನು ಮುಟ್ಟಿಕೊಂಡರು. ಲಿಂಗ ಕಟ್ಟಿಸಿಕೊಂಡ ದಿನ ಗುರುಗಳು ಹೇಳಿದ ಮಾತುಗಳಲ್ಲಿ ಹಸಿದಾಗ ಕುಲ ಕೇಳು ಎಂಬುದೊಂದು ಇರಲಿಲ್ಲ. “ಕೂಡು ತಂಗಿ,” ಎಂದು ತಾವೇ ಬುಟ್ಟಿ ಎಳೆದುಕೊಂಡರು.

ಖಡಕ್ ಜೋಳದ ರೊಟ್ಟಿ, ಪುಂಡಿಪಲ್ಯ, ಮೂಲೆಯಲ್ಲಿ ಒಂದಿಷ್ಟು ಶೇಂಗಾ ಹಿಂಡಿ. ಮೊದಲ ತುತ್ತಿಗೇ ಅವರ ಕಣ್ಣು ಮಂಜಾಯಿತು. ಹೆಣ್ಣುಮಗಳೊಬ್ಬಳು ಎದುರಿಗೆ ಕೂತು ಉಣ್ಣಿಸಿ ಮೂರು ವರ್ಷವಾಗಿತ್ತು. ಎರಡನೇ ರೊಟ್ಟಿಗೆ ಕೈ ಚಾಚಿದಾಗ ಬುಟ್ಟಿಯ ಅಂಚು ಬೆರಳಿಗೆ ತಾಗಿತು.

ಬಿಚ್ಚಿದ ಅಂಚನ್ನು ಕಪ್ಪು ತಂತಿಯಿಂದ ಬಿಗಿದಿದ್ದರು. ತಿರುವು ಎಡಕ್ಕಿತ್ತು. ತುದಿ ಒಳಗೆ ಮಡಚಿತ್ತು.

“ಬುಟ್ಟಿ ಯಾರ ರಿಪೇರಿ ಮಾಡಿದ್ರು ತಂಗಿ?”

“ನಾನ್ರೀ. ಇವತ್ತ ಮುಂಜಾನಿ.”

ಅಣವೀರಪ್ಪನವರು ರೊಟ್ಟಿಯನ್ನು ಬುಟ್ಟಿಗೇ ಮರಳಿ ಇಟ್ಟರು. ಯಂಕಪ್ಪ ಹವಾಲಾತಿನಲ್ಲಿ ಕೂತು ಐದು ದಿನ, ದೇವಿಂದ್ರಪ್ಪ ಮಣ್ಣಾಗಿ ಆರು ದಿನ. ಮೂರನೆಯ ಎಡಗೈ ರೊಟ್ಟಿ ಬಡಿದು ತಂದು ತಮ್ಮ ಮುಂದೆ ಕೂತಿತ್ತು.

ಅಣವೀರಪ್ಪನವರಿಗೆ ಈ ಅಮೀನಗಿರಿಯೇ ಬೇಡ ಅನ್ನಿಸಿತು. ಕೇಳದೆ ಎದ್ದುಹೋಗಿಬಿಡಬೇಕು ಅನ್ನಿಸಿತು. ಆದರೆ ಕೇಳದಿದ್ದರೆ ನಾಡಿದ್ದು ಯಂಕಪ್ಪನಿಗೆ ಜೇಲು.

“ಕತ್ತರಿ ಬಿಚ್ಚಿದಾಕಿ ನೀನು.”

ಅವಳು ಅಳಲಿಲ್ಲ, ನೆಲ ನೋಡುತ್ತ ತಲೆಯಾಡಿಸಿದಳು. “ಹೂಂ ರೀ. ನಾಲ್ಕೂ. ಶುಕ್ರವಾರ ಹೊತ್ತೇರೋ ಮುಂದ. ಮಧ್ಯಾನ್ನ ನನ್ನ ತಮ್ಮ, ಕತ್ತರಿ ಇದ್ದಾವ ಅಂತ ನಂಬಿ, ತಳದ ಗಂಟು ಬಿಗಿಯಾಕಂತ ಇಳಿದ. ನನಗ ತಿಳಿದಿದ್ದಿಲ್ರೀ ಅಂವ ಬರ್ತಾನಂತ. ರಜಾ ಇತ್ತಲ್ರೀ.”

“ಯಾರಿಗೂ ಹೇಳ್ಲಿಲ್ಲ?”

“ಹ್ಯಾಂಗ ಹೇಳ್ಲಿ ಯಪ್ಪಾ?”

“ನಿನ್ನ ಉಳಸಾಕಂತ ನಿನ್ನ ಗಂಡ ಸುಳ್ಳ ಒಪ್ಪಿಕೊಂಡಾನ. ಎಡಗೈ ಗಂಟು ಬಿಚ್ಚೋದು ನಿನ್ನ ಬಿಟ್ಟರ ಯಾರಿಗೂ ಬರಂಗಿಲ್ಲಂತ ಅವಗ ಗೊತ್ತದ.”

ಭೀಮಬಾಯಿ ಈಗ ತಲೆ ಎತ್ತಿದಳು. “ನನ್ನ ಉಳಸಾಕ? ನಾ ಅವರನ್ನ ಉಳಸಾಕಂತ ಬಾಯಿ ಮುಚಗೊಂಡೀನ್ರೀ! ಬಿಚ್ಚು ಅಂತ ಹೇಳಿ ಕಳಿಸಿದಾವ್ರ ಅವರಲ್ರೀ?”

ಐದು ದಿನದಿಂದ ಗಂಡ ಕಲಬುರಗಿಯಲ್ಲಿ, ಹೆಂಡತಿ ಕಮಲಾಪುರದಲ್ಲಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುತ್ತೇವೆಂದು ತಿಳಿದು ಒಂಟಿಯಾಗಿ ಬೇಯುತ್ತಿದ್ದರು. ಹೊರಲಾರದ ಹೊರೆಯನ್ನು ಇಬ್ಬರೂ ಹೊತ್ತಿದ್ದರು.

“ಹ್ಯಾಂಗ ಹೇಳಿ ಕಳಿಸಿದ? ಅವಗ ಬರಿಯಾಕ ಬರಂಗಿಲ್ಲ.”

“ಗಂಟು ಕಳಿಸಿದ್ರು.”

ಅವಳು ಬಿಡಿಸಿ ಹೇಳಿದಳು. ಆ ಕೆರೆಕಟ್ಟೆಯ ಕೆಲಸದಲ್ಲಿ ಕಲ್ಲು ಒಡೆಯುವ ಯಂತ್ರದ ಸದ್ದಿಗೆ ಕೂಗಿದರೂ ಕೇಳುತ್ತಿರಲಿಲ್ಲ. ಸಣ್ಣ ಮೈಯ ಭೀಮಬಾಯಿ ಪಂಜರದ ಒಳಗೆ, ಯಂಕಪ್ಪ ಮೇಲೆ. ಕಾಂಕ್ರೀಟು ಏರಿದಾಗ ಅವನು ತುಂಡು ತಂತಿಗೆ ಎಡಗೈ ಗಂಟು ಹಾಕಿ ಕೆಳಗೆ ಬಿಡುತ್ತಿದ್ದ. ಒಂದು ಗಂಟು ಬಂದರೆ ಒಂದು ಕತ್ತರಿ ಬಿಚ್ಚಬೇಕು, ಎರಡು ಬಂದರೆ ಎರಡು. ಮರುಪ್ರಶ್ನೆ ಇಲ್ಲ. ತುಸು ತಡವಾದರೆ ಕತ್ತರಿ ಕಾಂಕ್ರೀಟಿನಲ್ಲೇ ಹೂತುಹೋಗುತ್ತಿತ್ತು. ಗಂಡನ ಗಂಟೆಂದರೆ ಅವಳಿಗೆ ಗಂಡನ ಮಾತು.

“ಕಮಲಾಪುರದಾಗ ಆ ರೂಢಿ ಬಿಟ್ಟಿದ್ವಿ. ಶುಕ್ರವಾರ ನಾಕ ಗಂಟು ಬಂತು. ಸರಳು ಬ್ಯಾರೆ ಕುಣಿಗೆ ಬೇಕಂತ, ಬಿಚ್ಚಿ ದಂಡಿಗೆ ಇಡಬೇಕಂತ. ನನಗ ಎದಿ ಝಲ್ ಅಂತು. ಹೊರಗಿಂದ ತೊಲಿ ಕೊಡ್ತಾರೇನೋ ಅಂದಕೊಂಡೆ. ಅವರ ಗಂಟಿಗೆ ನಾ ಎಂದೂ ಎದುರ ಆಡಿದಾಕಿ ಅಲ್ರೀ. ದಂಡಿಗೆ ಇಟ್ಟ ಸರಳು ಮಧ್ಯಾನ್ನಕ್ಕ ಅಲ್ಲಿದ್ದಿಲ್ರೀ.”

ಸೊಂಟದ ಎಲೆಯಡಿಕೆ ಚೀಲದಿಂದ ಅವಳು ಒಂದು ತಂತಿ ತೆಗೆದು ಅವರ ಅಂಗೈಗೆ ಹಾಕಿದಳು. ನಾಲ್ಕು ಗಂಟು. ತಿರುವೆಲ್ಲ ಎಡಕ್ಕೆ.

ಅಣವೀರಪ್ಪನವರು ಅದನ್ನು ಕಣ್ಣಿನ ಹತ್ತಿರ ತಂದರು. ನಾಲ್ಕು ಗಂಟಿನ ತುದಿಗಳೂ ನೆಟ್ಟಗೆ, ಮುಳ್ಳಿನ ಹಾಗೆ ಹೊರಗೆ ಚಾಚಿದ್ದವು.

“ಭೀಮಬಾಯಿ, ಇದನ್ನ ಸರಿಯಾಗಿ ನೋಡಿದಿ?”

“ನೋಡಾಕ ಧೈರ್ಯ ಆಗವಲ್ದ್ರೀ.”

“ಈಗ ನೋಡು. ತುದಿ ನೋಡು. ನಿನ್ನ ಹುಬ್ಬು ಹರದ ಮ್ಯಾಲ ನಿನ್ನ ಗಂಡ ಎಂದರ ತುದಿ ಹಿಂಗ ಬಿಟ್ಟಾನೇನು?”

ಅವಳು ನೋಡಿದಳು. ಕೈ ತಾನಾಗಿಯೇ ಹುಬ್ಬಿನ ಗೆರೆಗೆ ಹೋಯಿತು.

“ಇದು ಅವರದಲ್ಲ,” ಎಂದಳು. ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು. ಆರು ದಿನದಿಂದ ಗಂಡನ ಮೇಲೆ ಹೊರಿಸಿಕೊಂಡಿದ್ದ ಪಾಪ ಇಳಿದುಹೋದ ಬೆಳಕು. ಅದರ ಹಿಂದೆಯೇ ಇನ್ನೊಂದು ಅರಿವಾಯಿತು. “ಅವರದಲ್ಲಂದ್ರ ನಾ ಯಾರ ಮಾತ ಕೇಳಿ ನನ್ನ ತಮ್ಮನ್ನ ಕೊಂದೆ ಯಪ್ಪಾ?” ಎಂದು ಬಾಯಿಗೆ ಸೆರಗು ಒತ್ತಿಕೊಂಡು ಕುಸಿದಳು. ಆರು ದಿನ ತಡೆದದ್ದೆಲ್ಲ ಈಗ ಹೊರಬಂತು.

ಸಮಾಧಾನ ಮಾಡುವುದು ಹೇಗೆಂದು ಅಮೀನರಿಗೆ ತಿಳಿಯಲಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಬದುಕಿ ಬದುಕಿ ಆ ವಿದ್ಯೆ ಮರೆತುಹೋಗಿತ್ತು. ನೀರಿನ ತಂಬಿಗೆಯನ್ನು ಅವಳ ಹತ್ತಿರ ಸರಿಸಿದರು.

ಆ ಕೆರೆಕಟ್ಟೆಯ ಗಂಟಿನ ರೂಢಿ ಬಲ್ಲವನು, ತುದಿ ಮಡಚುವ ಸಂಗತಿ ಗೊತ್ತಿಲ್ಲದವನು. ಈ ಮಾತನ್ನು ತಾವು ಈಗಷ್ಟೇ ಎಲ್ಲೋ ಕೇಳಿದ್ದೇವೆ ಅನ್ನಿಸಿತು. ಎಲ್ಲಿ ಎಂದು ನೆನೆಯಲು ಅವರಿಗೆ ಮನಸ್ಸಾಗಲಿಲ್ಲ.

“ಈ ಗಂಟು ನಿನ್ನ ಕೈಗೆ ಯಾರ ತಂದ ಕೊಟ್ರು ತಂಗಿ?”

“ಅವರ್ರೀ.” ಅವಳು ಕಣ್ಣೊರೆಸಿಕೊಂಡು ಅವರ ಹೆಗಲ ಮೇಲಿಂದ ಕುಣಿಯ ಕಡೆ ನೋಡಿದಳು. “ಟಪಾಲ ತರ್ತಾರಲ್ರೀ. ಕಲಬುರಗಿಯಾಗ ನಿನ್ನ ಗಂಡ ಸಿಕ್ಕಿದ್ದ, ಕೊಟ್ಟ ಕಳಿಸ್ಯಾನಂತ ಹೇಳಿದ್ರು. ದೌಲಪ್ಪಣ್ಣ.”

ಶುಕ್ರವಾರ ಟಪಾಲು ಹೋಗುವುದಿಲ್ಲ. ಶುಕ್ರವಾರ ದೌಲಪ್ಪನಿಗೆ ಹೊಟ್ಟೆನೋವು.

ಅಣವೀರಪ್ಪನವರು ಮೆಲ್ಲಗೆ ಹೊರಳಿದರು. ಕುಣಿಯ ಅಂಚಿನಲ್ಲಿ ಹೆಂಗಸರ ಸಾಲು ಹೋಗುತ್ತ ಬರುತ್ತ ಇತ್ತು. ಬುಟ್ಟಿಯ ಮೇಲೆ ಬುಟ್ಟಿ ಕಾಂಕ್ರೀಟು ಒಳಗೆ ಬೀಳುತ್ತಿತ್ತು. ಕುಣಿಯೊಳಗೆ ಬಗ್ಗಿ ನೋಡುತ್ತಿದ್ದ ದೌಲಪ್ಪ ನೆಟ್ಟಗಾಗಿ, ಎರಡೂ ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡು ಬೇವಿನ ಮರದ ಕಡೆ ಬಂದ. ಎರಡೂ ಕೈ ಬರಿದಾಗಿದ್ದವು.

“ಉಂಡ್ರೇನ್ರೀ ಸಾಹೇಬ್ರ?” ಎಂದ, ದಿನಾ ಸಂಜೆ ಕೇಳುವ ಅದೇ ದನಿಯಲ್ಲಿ.

“ಕರವಸ್ತ್ರ ಎಲ್ಲಿ ದೌಲಪ್ಪ?”

“ಯಾವ ಕರವಸ್ತ್ರ್ರೀ?”

ಅವನ ಕಣ್ಣು ಅಮೀನರ ಮುಖದ ಮೇಲಿರಲಿಲ್ಲ. ಭೀಮಬಾಯಿಯ ತೆರೆದ ಎಲೆಚೀಲದ ಮೇಲೆ ಒಮ್ಮೆ ಹರಿದು, ಅಲ್ಲಿಂದ ಅವರ ಮುಚ್ಚಿದ ಮುಷ್ಟಿಯ ಮೇಲೆ ನಿಂತಿತ್ತು. ಯಂಕಪ್ಪನನ್ನು ಬಿಡಿಸುವ ಪುರಾವೆ ಈಗ ಆ ಮುಷ್ಟಿಯಲ್ಲಿ ಮಾತ್ರ ಉಳಿದಿತ್ತು. ಅದನ್ನು ಅದಾಲತ್ತಿನಲ್ಲಿ ತೆರೆದರೆ ಒಳಗೆ ಹೋಗುವವಳು ಈ ಹೆಣ್ಣುಮಗಳು.

ದೌಲಪ್ಪ ಇನ್ನೆರಡು ಹೆಜ್ಜೆ ಹತ್ತಿರ ಬಂದು, ಅಂಗೈ ಚಾಚಿದ.

“ಕೈಯಾಗೇನ್ರೀ ಸಾಹೇಬ್ರ ಅದು? ಕೊಡ್ರಿ, ನಾ ಜ್ವಾಕಿ ಇಡ್ತೇನಿ.”